ಚಿಕ್ಕಪ್ಪನ ಆಬ್ಜೆಕ್ಟು

ನನ್ನ ಚಿಕ್ಕಪ್ಪ ಇಂಗ್ಲಿಷ್ ವ್ಯಾಕರಣದ ಒಂದೇ ಒಂದು ತಪ್ಪಿಗಾಗಿ ಹೆಣ್ಣು ನೋಡುವ ಶಾಸ್ತ್ರದ ನಡುವೆ ಎದ್ದು ಬಂದರು ಎಂದು ಸಾಗರದಿಂದ ತೀರ್ಥಹಳ್ಳಿಯವರೆಗೆ ಯಾವ ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೂ ಹೇಳುತ್ತಾರೆ. ಬಹಳ ಸೊಗಸಾದ ಕಥೆ. ಹೇಳುವವರಿಗೆ ಕಾಫಿ ಸಿಗುತ್ತದೆ, ಕೇಳುವವರಿಗೆ ನಗು ಸಿಗುತ್ತದೆ. ನಿಜ ಮಾತ್ರ ಯಾರಿಗೂ ಸಿಕ್ಕಿಲ್ಲ.

ನಾನು ಕಾಲೇಜಿನ ಚರ್ಚಾಕೂಟದಲ್ಲಿ ಪಳಗಿದವನು. ಒಂದು ಮಾತನ್ನು ಊರೆಲ್ಲ ಹೇಳುತ್ತದೆ ಎಂದರೆ ಊರೆಲ್ಲ ನೋಡಿದೆ ಎಂದಲ್ಲ, ಯಾರೋ ಒಬ್ಬ ಹೇಳಿದ್ದನ್ನು ಊರೆಲ್ಲ ಕೇಳಿದೆ ಎಂದರ್ಥ. ಇಲ್ಲಿಯಂತೂ ಊರಿಗೊಂದು ಮಾತು. ಸಾಗರದವರ ಪ್ರಕಾರ, ಹುಡುಗಿ ತಪ್ಪು ಇಂಗ್ಲಿಷ್ ಆಡಿದ ಕೂಡಲೇ ಚಿಕ್ಕಪ್ಪ ಜೇಬಿನಿಂದ ಸೀಮೆಸುಣ್ಣ ತೆಗೆದು, ಅವರ ಮನೆಯ ನೆಲದ ಮೇಲೆಯೇ ಆ ವಾಕ್ಯವನ್ನು ಬರೆದು, ನಡುವೆ ಗೆರೆ ಎಳೆದು, ತಪ್ಪಿಗೆ ಸುತ್ತು ಹಾಕಿ ಹೊರಟರು. ಹೊಸನಗರದವರ ಪ್ರಕಾರ ಅದು ಸೀಮೆಸುಣ್ಣವಲ್ಲ, ಎಲೆಯಡಿಕೆ ತಟ್ಟೆಯ ಸುಣ್ಣ. ನಮ್ಮ ಅಜ್ಜಿಯ ತಂಗಿಯ ಪ್ರಕಾರ ರಂಗೋಲಿ ಪುಡಿ. ಮೂರೂ ಪಕ್ಷದವರು ಕಣ್ಣಾರೆ ಕಂಡವರಂತೆ ಹೇಳುತ್ತಾರೆ. ಅವರಲ್ಲಿ ಒಬ್ಬರೂ ಆ ಮನೆಯ ಮೆಟ್ಟಿಲು ಹತ್ತಿದವರಲ್ಲ!

ನಗುವವರು ನಗಲಿ, ನನಗೇನಾಗಬೇಕು ಎಂದು ಬಿಡಬಹುದಿತ್ತು. ಆದರೆ ಆ ಕಥೆ ಹುಟ್ಟಿದ ಮೇಲೆ ಚಿಕ್ಕಪ್ಪನಿಗೆ ಹೆಣ್ಣು ಹುಟ್ಟಲಿಲ್ಲ. ಅಜ್ಜಿ ಯಾರ ಮನೆಗೆ ಜಾತಕ ಕಳಿಸಿದರೂ, "ನಮ್ಮ ಹುಡುಗಿಗೆ ಪರೀಕ್ಷೆಗೆ ಕೂರುವ ಧೈರ್ಯ ಇಲ್ಲ ಮಾರಾಯ್ರೇ" ಎಂಬ ಉತ್ತರದೊಡನೆ ಜಾತಕ ವಾಪಸು ಬರುತ್ತಿತ್ತು. ತಲೆ ನರೆಯುವ ಮೊದಲು ಮಗನಿಗೆ ಒಂದು ಮದುವೆ ಆಗಬೇಕು ಎನ್ನುವುದು ಬಿಟ್ಟು ಅಜ್ಜಿಗೆ ಬೇರೆ ಆಸೆ ಇರಲಿಲ್ಲ. ಚಿಕ್ಕಪ್ಪನಿಗೆ ಬೇರೆ ಆಸೆ ಇತ್ತು. ಇಂಗ್ಲಿಷ್ ವಾಕ್ಯಗಳನ್ನು ಬಿಡಿಸುವುದು.

ಬಿಡಿಸುವುದೆಂದರೆ ಹಲಸಿನ ಹಣ್ಣನ್ನು ಬಿಡಿಸಿದ ಹಾಗೆ. ಕೈಗೆ ಎಣ್ಣೆ ಸವರಿಕೊಂಡು ಕೂತರೆಂದರೆ ತೊಳೆ ಬೇರೆ, ಬೀಜ ಬೇರೆ, ಸಿಪ್ಪೆ ಬೇರೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಅಂಗಿಯ ಜೇಬು ಸೀಮೆಸುಣ್ಣದಿಂದ ಸದಾ ಬೆಳ್ಳಗೆ. ಯಾವ ವಾಕ್ಯ ಕಂಡರೂ ಅದರ ನಡುವೆ ಒಂದು ಉದ್ದ ಗೆರೆ ಎಳೆಯಬೇಕು. ಎಡಗಡೆ ಸಬ್ಜೆಕ್ಟ್, ಅಂದರೆ ಕರ್ತೃ. ಬಲಗಡೆ ಪ್ರೆಡಿಕೇಟ್, ಅಂದರೆ ಆ ಕರ್ತೃವಿನ ಬಗ್ಗೆ ಹೇಳಿದ್ದೆಲ್ಲ. ಕಡಲೆಕಾಯಿ ಕಟ್ಟಿಕೊಟ್ಟ ಕಾಗದ ಇಂಗ್ಲಿಷ್ ಪತ್ರಿಕೆಯದಾಗಿದ್ದರೆ ಕಡಲೆಕಾಯಿ ನಮ್ಮ ಪಾಲು, ಕಾಗದ ಅವರ ಪಾಲು. ಊಟಕ್ಕೆ ಕೂತರೂ ಅದೇ: ಅನ್ನ ಪ್ರಿನ್ಸಿಪಲ್ ಕ್ಲಾಜ್, ಯಾಕೆಂದರೆ ಅದು ಒಂಟಿಯಾಗಿ ನಿಲ್ಲಬಲ್ಲದು. ಸಾರು ಸಬಾರ್ಡಿನೇಟ್. ಉಪ್ಪಿನಕಾಯಿ ಅಡ್ವರ್ಬ್. ಮಜ್ಜಿಗೆ ಏನು ಎಂದು ನಮ್ಮ ಅಪ್ಪ ಒಮ್ಮೆ ಕೇಳಿದ್ದಕ್ಕೆ, "ಫುಲ್ ಸ್ಟಾಪ್" ಎಂದು ಎದ್ದು ಕೈ ತೊಳೆದರು.

ಇಂಥವರನ್ನು ಸಾಗರ ಎಷ್ಟು ದಿನ ಇಟ್ಟುಕೊಂಡೀತು? ಅವರಿದ್ದ ಶಾಲೆಗೆ ಇನ್‌ಸ್ಪೆಕ್ಟರು ಬಂದರು. ಇಡೀ ಶಾಲೆ ಸುತ್ತಿ, ಮೇಲೆ ನೋಡಿ, ಹಣೆಗೆ ಬಿದ್ದ ಹನಿ ಒರೆಸಿಕೊಂಡು ಇಂಗ್ಲಿಷಿನಲ್ಲಿ ಷರಾ ಬರೆದರು: "ಹ್ಯಾವಿಂಗ್ ಇನ್‌ಸ್ಪೆಕ್ಟೆಡ್ ದಿ ಸ್ಕೂಲ್, ದಿ ರೂಫ್ ವಾಸ್ ಫೌಂಡ್ ಲೀಕಿಂಗ್." ಶಾಲೆಯನ್ನು ಪರಿಶೀಲಿಸಿ, ಮಾಡು ಸೋರುತ್ತಿರುವುದು ಕಂಡಿತು, ಎನ್ನುವುದು ಅವರ ಮನಸ್ಸಿನಲ್ಲಿದ್ದದ್ದು. ಮನಸ್ಸಿನಲ್ಲಿದ್ದದ್ದು ಯಾರಿಗೆ ಬೇಕು? ಚಿಕ್ಕಪ್ಪ ಬಗ್ಗಿ ಓದಿದರು.

"ಸರ್, ಶಾಲೆಯ ಇನ್‌ಸ್ಪೆಕ್ಷನ್ ಮಾಡಿದ್ದು ಯಾರು?"

"ನಾನೇ ಕಣ್ರೀ."

"ಈ ವಾಕ್ಯದ ಪ್ರಕಾರ ಮಾಡು ಮಾಡಿದೆ ಸರ್."

ಹೆಡ್‌ಮಾಸ್ತರರಿಗೆ ಆ ಕ್ಷಣದಲ್ಲಿ ಬಂದ ಕೆಮ್ಮು ಇನ್‌ಸ್ಪೆಕ್ಟರ ಜೀಪು ಹೋಗುವವರೆಗೂ ನಿಲ್ಲಲಿಲ್ಲವಂತೆ. ಹೀಗೆ ಕರ್ತೃವಿಗೆ ಅಂಟದೆ ವಾಕ್ಯದ ಮುಂದೆ ತೂಗಾಡುವ ತುಂಡಿಗೆ ವ್ಯಾಕರಣದಲ್ಲಿ ನೇತಾಡುವ ಪಾರ್ಟಿಸಿಪಲ್ ಎಂದು ಹೆಸರು. ನೇತಾಡಿದ್ದು ಪಾರ್ಟಿಸಿಪಲ್, ಬಿದ್ದದ್ದು ಚಿಕ್ಕಪ್ಪ. ಸ್ವಲ್ಪ ದಿನದಲ್ಲೇ ಹೊಸನಗರಕ್ಕೆ ವರ್ಗವಾಯಿತು. ಮನೆಯವರೆಲ್ಲ ಮುಖ ಸಣ್ಣ ಮಾಡಿಕೊಂಡಿದ್ದರೆ ಅವರು ವರ್ಗದ ಆರ್ಡರನ್ನು ನನ್ನ ಮುಂದೆ ಹಿಡಿದು, "ನೋಡೋ, ಎಂಥ ವಾಕ್ಯ. ಒಂದು ಕಾಮಾ ಆಚೀಚೆ ಆಗಿಲ್ಲ" ಎಂದರು. ನಿರ್ದೋಷವಾದ ವಾಕ್ಯವೊಂದು ಹೋಗು ಎಂದರೆ ಅವರು ಎಲ್ಲಿಗೆ ಬೇಕಾದರೂ ಹೋಗುವವರು.

ಹೋಗುವ ದಾರಿಯಲ್ಲೇ ಇನ್ನೊಂದಾಯಿತು. ಹೊಸನಗರದ ಬಸ್ಸಿನಲ್ಲಿ ಒಬ್ಬ ಗೌಡರು ಬೀಡಿ ಹಚ್ಚಿದ್ದರು. ಕಂಡಕ್ಟರ್ ತಲೆಯ ಮೇಲಿನ ಇಂಗ್ಲಿಷ್ ಬೋರ್ಡು ತೋರಿಸಿದ. ಅದೆಂಥದು ಬರೆದದ್ದು ಎಂದು ಗೌಡರು ಕೇಳಿದರು. ಕೇಳಿದ್ದು ಪಕ್ಕದಲ್ಲಿ ಕೂತವರನ್ನು. ಪಕ್ಕದಲ್ಲಿ ಕೂತವರು ನಮ್ಮ ಚಿಕ್ಕಪ್ಪ.

"'ನೋ ಸ್ಮೋಕಿಂಗ್' ಅಂತ ಇದೆ. ಆದರೆ ಅದು ವಾಕ್ಯ ಅಲ್ಲ. ಸೇದಬೇಡ ಅಂತ ಹೇಳ್ಲಿಕ್ಕೆ ಕ್ರಿಯಾಪದ ಬೇಕು. ಇದು ಬರೀ, ಬೀಡಿ ಸೇದೋದು ಇಲ್ಲ ಅಂತ ಒಂದು ಸುದ್ದಿ."

ಗೌಡರು ಇನ್ನೊಂದು ದಮ್ಮು ಎಳೆದು, "ಹಂಗಾರೆ ಸುದ್ದಿ ಸುಳ್ಳಾಯ್ತಲ್ಲ ಮೇಷ್ಟ್ರೇ" ಎಂದು ಹೊಗೆ ಬಿಟ್ಟರು.

ಕಂಡಕ್ಟರ್ ಸೀಟಿ ಊದಿದ. ಬಸ್ಸು ನಿಂತಿತು. ಅವನು ಇಬ್ಬರ ಕಡೆಗೂ ನೋಡಿ, "ಇಳೀರಿ. ಇದ್ರಲ್ಲಿ ಕ್ರಿಯಾಪದ ಇದೆ" ಎಂದ.

ಇಬ್ಬರೂ ಬಟ್ಟೆಮಲ್ಲಪ್ಪದಲ್ಲಿ ಇಳಿದು ಮುಂದಿನ ಬಸ್ಸಿಗೆ ಕಾದರು. ಗೌಡರಿಗೆ ಸಿಟ್ಟು. ಚಿಕ್ಕಪ್ಪನಿಗೆ ಆನಂದ! ಕಂಡಕ್ಟರ್ ಆಡಿದ್ದು ಒಂದೇ ಪದವಾದರೂ ಅದು ಪರಿಪೂರ್ಣ ವಾಕ್ಯ. ಅದರಲ್ಲಿ 'ನೀವು' ಎಂಬ ಸಬ್ಜೆಕ್ಟ್ ಬಾಯಿಗೆ ಬರದೆ ಒಳಗೇ ಅಡಗಿ ಕೂತಿದೆ. ಹೀಗೆ ಹೇಳದೆಯೂ ಇರುವ ಸಬ್ಜೆಕ್ಟಿಗೆ 'ಅಂಡರ್‌ಸ್ಟುಡ್' ಎನ್ನುತ್ತಾರೆ, ಎಂದು ಅವರು ಗೌಡರಿಗೆ ಬಸ್ಸು ಬರುವವರೆಗೂ ತಿಳಿಸಿಕೊಟ್ಟರು. ಗೌಡರು ಆಮೇಲೆ ಬೀಡಿ ಬಿಟ್ಟರು ಎಂದೂ ಒಂದು ಸುದ್ದಿ ಇದೆ. ಅದಕ್ಕೆ ನನ್ನಲ್ಲಿ ಪುರಾವೆಯಿಲ್ಲ.

ಈ ಅಂಡರ್‌ಸ್ಟುಡ್ ವಿಷಯದಲ್ಲಿ ಚಿಕ್ಕಪ್ಪ ಸೋತದ್ದು ಒಬ್ಬರಿಗೆ ಮಾತ್ರ, ನಮ್ಮ ಅಜ್ಜಿಗೆ. ಅಜ್ಜಿ ಹಳೇ ಕಾಲದವರು. ಗಂಡನ ಹೆಸರು ಹೇಳುವುದು ಹಾಗಿರಲಿ, 'ಅವರು' ಎನ್ನುವುದನ್ನೂ ನುಂಗಿಕೊಂಡೇ ಮಾತಾಡುವವರು. "ಸ್ನಾನ ಆಯ್ತಂತೆ. ಎಲೆ ಹಾಕ್ಬೇಕಂತೆ." ಇಷ್ಟೇ. ಒಂದು ದಿನ ಚಿಕ್ಕಪ್ಪ ತಡೆಯಲಾರದೆ ಕೇಳಿದರು.

"ಅಮ್ಮ, ಸ್ನಾನ ಆಗಿದ್ದು ಯಾರಿಗೆ? ಎಲೆ ಯಾರಿಗೆ? ಸಬ್ಜೆಕ್ಟ್ ಎಲ್ಲಿ?"

"ಜಗಲಿ ಮೇಲೆ ಕೂತಿದೆ. ಹೋಗಿ ನೋಡು."

ಜಗಲಿಯ ಮೇಲೆ ಅಜ್ಜ ಹಣೆಗೆ ಗಂಧ ಇಟ್ಟುಕೊಳ್ಳುತ್ತಾ ಕೂತಿದ್ದರು. ನಾವೆಲ್ಲ ನಕ್ಕೆವು. ಅಜ್ಜಿ ನಗಲಿಲ್ಲ. ಸೌಟು ತಿರುಗಿಸುತ್ತಲೇ ಅಂದರು: "ಊರವರದ್ದೆಲ್ಲ ಹೆಸರು ಹಿಡಿದೇ ಹೇಳ್ತೀನಲ್ಲನಾ? ಒಬ್ರದ್ದು ಹೇಳೋದಿಲ್ಲ ಅಂದ್ರೆ ಅದು ಯಾರದ್ದು ಅಂತ ಯಾವ ಹೆಂಗಸಿಗಾದ್ರೂ ಗೊತ್ತಾಗ್ತದೆ. ನಿಂಗೆ ಗೊತ್ತಾಗೋದಿಲ್ಲ, ನೀನು ಮೇಷ್ಟ್ರು."

ಈಗ ಆ ಹೆಣ್ಣು ನೋಡಿದ ವಿಷಯ. ತೀರ್ಥಹಳ್ಳಿಯ ಆ ಮನೆಗೆ ನಮ್ಮ ಕಡೆಯಿಂದ ಹೋದವರು ಚಿಕ್ಕಪ್ಪ, ಅಪ್ಪ ಮತ್ತು ಅಜ್ಜಿ. ನಾನು ಮೂವರನ್ನೂ ಪಾಟೀಸವಾಲಿಗೆ ಒಳಪಡಿಸಿದೆ. ಅಜ್ಜಿ ಒಳಗೆ ಹೆಂಗಸರ ಜೊತೆ ಇದ್ದರಂತೆ. ಹೊರಗೆ ಗದ್ದಲವಾದಾಗಲೇ ಗೊತ್ತಾದದ್ದು. ಅಪ್ಪ ಹೊರಗೇ ಇದ್ದರು, ಆದರೆ ಅವರ ಸಾಕ್ಷ್ಯ ಇಷ್ಟೇ: "ನಾನು ಕೇಸರಿಬಾತು ತಿನ್ತಾ ಇದ್ದೆ ಮಾರಾಯ. ತುಪ್ಪ ಚೆನ್ನಾಗಿ ಬಿಟ್ಟಿದ್ರು." ಚಿಕ್ಕಪ್ಪನನ್ನು ಕೇಳಿದರೆ, "ಅದು ಪಾಸ್ಟ್ ಟೆನ್ಸ್" ಎಂದು ಕೊಡೆ ಬಿಚ್ಚಿಕೊಂಡು ಹೊರಟುಬಿಟ್ಟರು. ಹೊರಗೆ ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ. ಅಂದೇ ನನಗೆ ಅನುಮಾನ ಬಂದದ್ದು. ತಪ್ಪು ಹಿಡಿದು ಎದ್ದು ಬಂದವನು ಆ ತಪ್ಪನ್ನು ನೆನೆದು ಸುಖಪಡಬೇಕಲ್ಲವೆ? ಇನ್‌ಸ್ಪೆಕ್ಟರ ಮಾಡನ್ನು ಇವತ್ತಿಗೂ ವರ್ಣಿಸುವ ಮನುಷ್ಯ ಈ ಹುಡುಗಿಯ ತಪ್ಪು ಯಾವುದೆಂದು ಒಮ್ಮೆಯೂ ಹೇಳಿಲ್ಲ, ಯಾಕೆ?

ಉತ್ತರ ನಾನು ಹುಡುಕಿಕೊಂಡು ಹೋದದ್ದಲ್ಲ, ಅದೇ ನನ್ನ ಕೈಗೆ ಬಂತು. ಈಚೆಗೆ ತೀರ್ಥಹಳ್ಳಿಯಲ್ಲಿ ಚರ್ಚಾಸ್ಪರ್ಧೆ ಇತ್ತು. ಈಗ ಎಲ್ಲಿ ಹೋದರೂ ಇರುವ ವಿಷಯವೇ: ಶಾಲೆಗಳಿಂದ ಇಂಗ್ಲಿಷ್ ತೊಲಗಬೇಕೆ? ನಾನು ತೊಲಗಬೇಕು ಎನ್ನುವ ಪಕ್ಷ. ಆರೋಗ್ಯವಂತ ಮನುಷ್ಯನೊಬ್ಬನಿಗೆ ಇಂಗ್ಲಿಷ್ ಏನು ಮಾಡುತ್ತದೆ ಎನ್ನುವುದಕ್ಕೆ ಹೊಸನಗರದ ಒಬ್ಬ ಮೇಷ್ಟ್ರನ್ನು ಉದಾಹರಣೆಯಾಗಿ ಕೊಟ್ಟೆ. ಮಾಡಿನ ಪ್ರಸಂಗಕ್ಕೆ ಸಭೆ ಬಿದ್ದು ಬಿದ್ದು ನಕ್ಕಿತು, ಬೀಡಿಯ ಪ್ರಸಂಗಕ್ಕೆ ಎದುರು ಪಕ್ಷದವರೂ ನಕ್ಕರು. ಮೊದಲ ಬಹುಮಾನ ನನಗೇ ಬಂತು. ಬಾರದೆ ಏನು?

ತೀರ್ಪುಗಾರರಲ್ಲಿ ಒಬ್ಬರು ಹೆಣ್ಣುಮಕ್ಕಳ ಹೈಸ್ಕೂಲಿನ ಇಂಗ್ಲಿಷ್ ಟೀಚರ್. ಸಭೆ ಮುಗಿದ ಮೇಲೆ ನನ್ನನ್ನು ಕರೆದು, ತಾವು ನನಗೆ ಕಡಿಮೆ ಅಂಕ ಕೊಟ್ಟದ್ದಾಗಿ ತಾವೇ ಹೇಳಿದರು. ನಾನು ಬಿಡುವವನೆ? ಯಾಕೆಂದು ಕೇಳಿದೆ. ಎದುರಿಗೆ ಇಲ್ಲದವರನ್ನು ಇಟ್ಟುಕೊಂಡು ಗೆದ್ದಿರಿ, ಅವರು ಬಂದು ಉತ್ತರ ಕೊಡುವ ಹಾಗಿರಲಿಲ್ಲವಲ್ಲ, ಎಂದರು. ಅವರು ನನ್ನ ಚಿಕ್ಕಪ್ಪನೇ, ನನಗೆ ಹಕ್ಕಿದೆ, ಎಂದೆ.

ಅವರು ಅಂಕದ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿದರು. ಆಮೇಲೆ ಕೇಳಿದರು:

"ಈಗಲೂ ಜೇಬಲ್ಲಿ ಸೀಮೆಸುಣ್ಣ ಇರ್ತದಾ?"

ನನ್ನ ಭಾಷಣದಲ್ಲಿ ಸೀಮೆಸುಣ್ಣದ ಸುದ್ದಿಯೇ ಇರಲಿಲ್ಲ. ವಾದ ಮಾಡುವವನಿಗೆ ಇಷ್ಟು ಸುಳಿವು ಸಾಕು. ನನ್ನ ಎದುರು ನಿಂತಿದ್ದವರು ಯಾರೆಂದು ನನಗೆ ತಿಳಿಯಿತು. ತಿಳಿಯಿತೆಂದು ಅವರಿಗೂ ತಿಳಿಯಿತು.

ಅವರು ಹೇಳಿದ್ದು ಇದು. ಆವತ್ತು ಅವರ ಮನೆಯಲ್ಲಿ ಹಿರಿಯರೆಲ್ಲ ಚಿಕ್ಕಪ್ಪನನ್ನು ಸುತ್ತುವರಿದು ಹುಡುಗಿ ಒಪ್ಪಿಗೆಯೇ, ಒಪ್ಪಿಗೆಯೇ ಎಂದು ಕೇಳುತ್ತಿದ್ದರು. ಚಿಕ್ಕಪ್ಪ ಅವರಿಗೆ ಉತ್ತರ ಕೊಡದೆ, ತಲೆ ತಗ್ಗಿಸಿ ಕೂತಿದ್ದ ಇವರ ಕಡೆ ತಿರುಗಿದರು. ಎಲ್ಲರೂ ನನ್ನನ್ನು ಕೇಳುತ್ತಿದ್ದಾರೆ, ನಿಮ್ಮನ್ನು ಯಾರೂ ಕೇಳಿಲ್ಲ, ನಿಮಗೆ ಹೇಗೆ? ಎಂದು ಕೇಳಿದರು. ಹಿರಿಯರಿಗೆ ತಿಳಿಯದಿರಲಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇವರು ಇದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ, ನೆಲ ನೋಡುತ್ತಲೇ, "ಐ ಲೈಕ್" ಎಂದರು. ಮುಂದಿನ ಪದ ಹೊರಗೆ ಬರಲಿಲ್ಲ.

ಲೈಕ್ ಎನ್ನುವುದು ಸಕರ್ಮಕ ಕ್ರಿಯಾಪದ. ಇಷ್ಟ ಎಂದ ಮೇಲೆ ಏನು ಇಷ್ಟ, ಯಾರು ಇಷ್ಟ ಎಂದು ಹೇಳಲೇಬೇಕು. ಆ ಹೇಳಬೇಕಾದ್ದಕ್ಕೆ, ಅಂದರೆ ಕರ್ಮಕ್ಕೆ, ಇಂಗ್ಲಿಷ್ ವ್ಯಾಕರಣದಲ್ಲಿ ಆಬ್ಜೆಕ್ಟ್ ಎಂದು ಹೆಸರು. ನಮ್ಮ ಚಿಕ್ಕಪ್ಪ ಮುಂದಕ್ಕೆ ಬಾಗಿ, ಬಹಳ ಮೆಲ್ಲಗೆ, ಬಹಳ ಆಸೆಯಿಂದ ಕೇಳಿದರು:

"ಆಬ್ಜೆಕ್ಟ್?"

ಇಡೀ ಮನೆಯಲ್ಲಿ ಆ ಪದ ಗೊತ್ತಿದ್ದ ಇನ್ನೊಬ್ಬರಿದ್ದರು. ಹುಡುಗಿಯ ಸೋದರಮಾವ, ವಕೀಲರೊಬ್ಬರ ಗುಮಾಸ್ತ. ಕೋರ್ಟಿನ ಬೆಂಚಿನ ಮೇಲೆ ಕೂತು ಕೂತು ಆ ಪದವನ್ನು ಕೇಳಿ ಕಿವಿ ತೂತಾಗಿತ್ತು. ಅವರು ಕಾಫಿ ಲೋಟ ಕೆಳಗಿಟ್ಟು ಎದ್ದರು.

"ಭಾವ, ಹುಡುಗ ಆಬ್ಜೆಕ್ಟ್ ಅಂತಿದ್ದಾನೆ. ಆಕ್ಷೇಪಣೆ ಬಂತು."

"ಎಂಥ ಆಕ್ಷೇಪಣೆ? ನನ್ನ ಮಗಳ ಮೇಲೆ?"

ಚಿಕ್ಕಪ್ಪನಿಗೆ ಗಾಬರಿ. ನಾನು ಹೇಳಿದ್ದು ಆಕ್ಷೇಪಿಸುತ್ತೇನೆ ಎನ್ನುವ ಕ್ರಿಯಾಪದವಲ್ಲ, ನಾಮಪದ, ಎಂದು ವಿವರಿಸಬೇಕು. ಗಾಬರಿಯಲ್ಲಿ ಅದೂ ಇಂಗ್ಲಿಷಿನಲ್ಲೇ ಬಂತು: "ನೌನ್, ನೌನ್." ಗುಮಾಸ್ತರು ಅದನ್ನೂ ಸಭೆಗೆ ಕನ್ನಡ ಮಾಡಿದರು: "ನನ್, ನನ್ ಅಂತಿದ್ದಾನೆ. ಇಂಗ್ಲಿಷಿನಲ್ಲಿ ನನ್ ಅಂದ್ರೆ ಒಬ್ಬರೂ ಅಲ್ಲ, ಯಾರೂ ಬೇಡವಂತೆ. ಅಕ್ಕನೂ ಬೇಡ, ತಂಗಿಯೂ ಬೇಡ."

ಅಷ್ಟೇ. ಒಳಗೆ ಮದುವೆಯಾಗದ ತಂಗಿ ಬೇರೆ ಇದ್ದಳು. ಹುಡುಗಿಯ ಅಪ್ಪ ಬಾಗಿಲು ತೋರಿಸಿದರು. ನಮ್ಮ ಕಡೆಯಿಂದ ಸಮಾಧಾನ ಹೇಳಬೇಕಾಗಿದ್ದವರು ನಮ್ಮ ಅಪ್ಪ. ಅವರ ಬಾಯಿಯಲ್ಲಿ ಏನಿತ್ತು ಎನ್ನುವುದು ಆಗಲೇ ಸಾಕ್ಷ್ಯದಲ್ಲಿ ಬಂದಿದೆ.

ಹಾಗಾದರೆ ಸೀಮೆಸುಣ್ಣ? ಗೆರೆ? ನಾನು ಟೀಚರನ್ನೂ ಸುಮ್ಮನೆ ನಂಬಲಿಲ್ಲ, ಅಡ್ಡಪ್ರಶ್ನೆ ಹಾಕಿದೆ. ಗಡಿಬಿಡಿಯಲ್ಲಿ ಚಿಕ್ಕಪ್ಪ ಏಳುವಾಗ ಜೇಬಿನಿಂದ ಒಂದು ತುಂಡು ಬಿದ್ದು ಉರುಳಿತಂತೆ. ಉರುಳಿದಲ್ಲಿ ನೆಲದ ಮೇಲೆ ಒಂದು ಬಿಳಿ ಗೀಟು. ಊರಿನ ಕಥೆಗೆ ಇದ್ದ ಆಧಾರವೆಲ್ಲ ಅಷ್ಟೇ.

ಆ ತುಂಡು ಏನಾಯಿತು ಎಂದು ನಾನು ಕೇಳಲಿಲ್ಲ. ವಾದದಲ್ಲಿ ಕೆಲವು ಪ್ರಶ್ನೆಗಳನ್ನು ಕೇಳದಿರುವುದೂ ಒಂದು ವರಸೆ.

"ಮಾರನೇ ದಿನ ಬಂದು ಹೇಳ್ತಾರೆ ಅಂತ ಕಾದೆ," ಎಂದರು ಟೀಚರ್. "ಬರ್ಲಿಲ್ಲ."

ಅವರ ಅಪ್ಪ ಈಗ ಇಲ್ಲ. ತಂಗಿಯ ಮದುವೆ ಆಗಿದೆ. ಇವರಿಗೆ ಶಿವಮೊಗ್ಗದ ಕಡೆಯಿಂದ ಒಂದು ಸಂಬಂಧ ಬಂದಿದೆಯಂತೆ. ಯುಗಾದಿಯೊಳಗೆ ಹೌದು, ಅಲ್ಲ ಹೇಳಬೇಕಂತೆ. ಹಬ್ಬ ದೂರವಿರಲಿಲ್ಲ. ಹೊರಡುವಾಗ ಅವರು ನನ್ನನ್ನು ನಿಲ್ಲಿಸಿದರು.

"ನಿಮ್ಮ ಚಿಕ್ಕಪ್ಪನಿಗೆ ಅನಾಲಿಸಿಸ್ ಮಾಡ್ಲಿಕ್ಕೆ ಒಂದು ವಾಕ್ಯ ಕೊಡ್ತೀನಿ. ಈ ಸಲ ಕನ್ನಡದಲ್ಲಿ. ತೊಗೊಂಡು ಹೋಗ್ತೀರಾ?"

ಹೇಳಿದರು. ಸಣ್ಣ ವಾಕ್ಯ. ಬರೆದುಕೊಳ್ಳುವ ಅಗತ್ಯವಿರಲಿಲ್ಲ.

ನಾನು ಸಾಗರದ ಮನೆಗೆ ಹೋಗಲಿಲ್ಲ, ಹೊಸನಗರದಲ್ಲಿ ಇಳಿದೆ. ಚಿಕ್ಕಪ್ಪ ಬಾಡಿಗೆ ಕೋಣೆಯಲ್ಲಿ ಮಕ್ಕಳ ಉತ್ತರಪತ್ರಿಕೆಗಳ ನಡುವೆ ಕೂತಿದ್ದರು. ನಾನು ಗೆದ್ದ ಬಹುಮಾನವನ್ನು ಒಂದು ಕಡೆ ಇಟ್ಟು ನೇರವಾಗಿ ವಿಷಯಕ್ಕೆ ಬಂದೆ. ಗುಮಾಸ್ತರು, ನೌನು, ನನ್ನು, ಎಲ್ಲ ಹೇಳಿದೆ. ಅವರು ಒಂದನ್ನೂ ಅಲ್ಲಗಳೆಯಲಿಲ್ಲ. ಮಾರನೇ ದಿನ ಯಾಕೆ ಹೋಗಲಿಲ್ಲ ಎಂದೆ.

"ಅವಳು ಆಬ್ಜೆಕ್ಟ್ ಹೇಳ್ಲಿಲ್ಲ ಕಣೋ," ಎಂದರು. "ಇಲ್ಲದ ಪದವನ್ನ ನಾವೇ ತುಂಬಿಕೊಳ್ಳಬಾರದು. ಅವಳಿಗೆ ಇಷ್ಟ ಅಂದಿದ್ದು ಇಂಗ್ಲಿಷ್ ಇರಬಹುದು. ಕೇಸರಿಬಾತು ಇರಬಹುದು."

ನಗು ಬರಬೇಕಿತ್ತು. ಬರಲಿಲ್ಲ. ಮಾಡು, ಬೀಡಿ, ಬೋರ್ಡು ಎಂದು ಊರವರ ವಾಕ್ಯಗಳನ್ನೆಲ್ಲ ಹೆದರದೆ ಕೊಯ್ದ ಮನುಷ್ಯ, ತನ್ನ ಹೆಸರು ಬರಬಹುದಾಗಿದ್ದ ಒಂದೇ ಒಂದು ಖಾಲಿ ಜಾಗವನ್ನು ತುಂಬಲು ಹೆದರಿ ಇಷ್ಟು ವರ್ಷ ಕೂತಿದ್ದರು.

ನಾನು ಟೀಚರ್ ಕೊಟ್ಟ ವಾಕ್ಯ ಹೇಳಿದೆ: "ಆವತ್ತೇ ಇಷ್ಟ ಆಗಿದ್ರು."

ಚಿಕ್ಕಪ್ಪನ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು. ಕೂತಲ್ಲೇ ಬಗ್ಗಿ ನೆಲದ ಮೇಲೆ ಉದ್ದ ಗೆರೆ ಎಳೆದರು. ಬಲಗಡೆ 'ಇಷ್ಟ ಆಗಿದ್ರು' ಎಂದು ಬರೆದರು. 'ಆವತ್ತೇ' ಎನ್ನುವುದನ್ನು ಅದರ ಕೆಳಗೆ ಬರೆದು, ಕಾಲವಾಚಕ ಎಂದು ಗೊಣಗಿದರು. ಎಡಗಡೆಗೆ ಬಂದರು. ಅಲ್ಲಿ ಸೀಮೆಸುಣ್ಣ ನಿಂತಿತು.

"ಸಬ್ಜೆಕ್ಟ್ ಹೇಳಿಲ್ಲ," ಎಂದರು.

"ಹೇಳಿಲ್ಲ."

"'ಆಗಿದ್ರು' ಅಂತ ಇದೆ. ಬಹುವಚನ. ಗೌರವಕ್ಕೆ ಇರಬೇಕು." ದನಿ ಯಾಕೋ ಸಣ್ಣದಾಯಿತು. "ಹೇಳ್ಬಹುದಿತ್ತಲ್ಲೋ, ಯಾರು ಅಂತ. ಇಂಗ್ಲಿಷ್ ಟೀಚರ್ ಅಂತೀಯ. ಸಬ್ಜೆಕ್ಟ್ ಬಿಟ್ಟು ಯಾಕೆ ಮಾತಾಡ್ತಾಳೆ?"

ಹೊರಗೆ ತೀರ್ಥಹಳ್ಳಿಯ ಬಸ್ಸು ಬಂದು ನಿಂತು ಹಾರನ್ ಹೊಡೆಯುತ್ತಿತ್ತು. ಚಿಕ್ಕಪ್ಪನ ಕಣ್ಣು ನೆಲದ ಮೇಲಿನ ಖಾಲಿ ಜಾಗದಲ್ಲೇ ಇತ್ತು. ನಾನು ಗೋಡೆಯ ಮೊಳೆಯಿಂದ ಅವರ ಕೊಡೆ ತೆಗೆದು ಕೈಗೆ ಕೊಟ್ಟು ಕೇಳಿದೆ:

"ಚಿಕ್ಕಪ್ಪ, ನಮ್ಮ ಅಜ್ಜಿ ಯಾರೊಬ್ಬರ ಹೆಸರು ಬಾಯಲ್ಲಿ ಹೇಳೋದಿಲ್ಲ?"